ಹಲ್ಲುಜ್ಜುವ ಕೈ ಹಗುರವಾಗಿರಲಿ

ಸಹೋದರಿಯರೇ, ಈ ಲೇಖನವನ್ನು ಮುಂದೆ ಓದುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ವಾಶ್ ಬೇಸಿನ್ ಬಳಿಯ ಲೋಟದಲ್ಲಿರುವ ಮನೆಯವರ ಬ್ರಶ್‌ಗಳನ್ನು ಒಂದೊಂದಾಗಿ ಎತ್ತಿ ನೋಡಿ. ಒಂದು ಬ್ರಶ್ ಸಾಧಾರಣವಾಗಿ ಮೂರು ತಿಂಗಳು ಬಾಳುತ್ತದೆ. ಕೊಂಡು ತಂದು ಒಂದೇ ತಿಂಗಳಾಗಿದ್ದರೂ ಎಳೆಗಳು ಎರಡೂ ಬದಿಗೆ ಮಲಗಿ, ಹಳೆಯ ಪೊರಕೆಯಂತೆ ಕೆದರಿಕೊಂಡಿವೆಯೇ? ಹಾಗಿದ್ದರೆ ಆ ಬ್ರಶ್ ಕಳಪೆಯದೆಂದು ಅಂಗಡಿಯವನನ್ನು ದೂರಬೇಡಿ. ಅದನ್ನು ಹಿಡಿದ ಕೈ ಅಗತ್ಯಕ್ಕಿಂತ ಹೆಚ್ಚು ಒತ್ತುತ್ತಿದೆ. ಪ್ಲಾಸ್ಟಿಕ್ ಎಳೆಗಳ ಗತಿಯೇ ಹೀಗಾಗಿದ್ದರೆ ಮೆತ್ತಗಿನ ವಸಡಿನ ಪಾಡೇನು?

ನಮ್ಮಲ್ಲಿ ಅನೇಕರಿಗೆ ಜೋರಾಗಿ ತಿಕ್ಕದಿದ್ದರೆ ಹಲ್ಲು ಸ್ವಚ್ಛವಾದ ಸಮಾಧಾನವೇ ಆಗುವುದಿಲ್ಲ. ತಳ ಹಿಡಿದ ಬಿರಿಯಾನಿ ತಪಲೆಗೆ ಬೂದಿ ಹಾಕಿ, ತೆಂಗಿನ ನಾರಿನಿಂದ ಉಜ್ಜಿ ಹೊಳೆಯಿಸುವ ಕೈಗಳಿವು. ಅದೇ ಅಭ್ಯಾಸ ಬಾಯಿಗೂ ಬಂದುಬಿಡುತ್ತದೆ. ಆದರೆ ತಪಲೆಯ ಕರಿಗೂ ಹಲ್ಲಿನ ಕೊಳೆಗೂ ದೊಡ್ಡ ವ್ಯತ್ಯಾಸವಿದೆ. ಹಲ್ಲಿನ ಮೇಲೆ ದಿನನಿತ್ಯ ಕೂರುವುದು ಬ್ಯಾಕ್ಟೀರಿಯಾಗಳ ಒಂದು ತೆಳುವಾದ ಅಂಟು ಪೊರೆ. ದಂತವೈದ್ಯರು ಇದನ್ನು ಪ್ಲಾಕ್ ಎನ್ನುತ್ತಾರೆ. ಇದು ಬಹಳ ಮೃದು, ಉಗುರಿನಿಂದ ಮೆಲ್ಲಗೆ ಕೆರೆದರೂ ಎದ್ದು ಬರುತ್ತದೆ. ಅದನ್ನು ತೆಗೆಯಲು ಬಲ ಬೇಕಾಗಿಲ್ಲ, ಬ್ರಶ್ ಪ್ರತಿಯೊಂದು ಹಲ್ಲಿನ ಬುಡವನ್ನೂ ತಲುಪಿದರೆ ಸಾಕು. ತೆಗೆಯದೆ ಬಿಟ್ಟರೆ ಇದೇ ಪೊರೆ ಗಟ್ಟಿಯಾಗಿ ಗಾರೆಯಂತೆ ಹಲ್ಲಿಗೆ ಅಂಟಿಕೊಳ್ಳುತ್ತದೆ. ಟಾರ್ಟರ್ ಎನ್ನುವುದು ಅದನ್ನೇ. ಅದು ಮಾತ್ರ ನೀವು ಎಷ್ಟೇ ಬಲ ಹಾಕಿ ತಿಕ್ಕಿದರೂ ಹೋಗದು, ದಂತವೈದ್ಯರೇ ತಮ್ಮ ಉಪಕರಣದಿಂದ ತೆಗೆಯಬೇಕು. ಅಂದರೆ ಮೃದುವಾದ ಕೊಳೆಗೆ ನಿಮ್ಮ ಬಲ ಬೇಡ, ಗಟ್ಟಿಯಾದುದಕ್ಕೆ ನಿಮ್ಮ ಬಲ ಸಾಲದು!

ಹಾಗಾದರೆ ಆ ಬಲವೆಲ್ಲ ಹೋಗುವುದೆಲ್ಲಿಗೆ? ವಸಡಿಗೆ ಮತ್ತು ಹಲ್ಲಿನ ಕುತ್ತಿಗೆಗೆ. ಹಲ್ಲಿನ ಹೊರಪದರವಾದ ಎನಾಮೆಲ್ ನಮ್ಮ ಶರೀರದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ಆದರೆ ಹಲ್ಲು ವಸಡನ್ನು ಸೇರುವ ಜಾಗದಲ್ಲಿ ಅದು ತೀರಾ ತೆಳುವಾಗುತ್ತದೆ. ಬೇರಿನ ಮೇಲಂತೂ ಎನಾಮೆಲ್ ಇರುವುದೇ ಇಲ್ಲ. ವಸಡು ಹಿಂದೆ ಸರಿದರೆ ಬೇರು ಹೊರಗೆ ಕಾಣಿಸಿಕೊಳ್ಳುತ್ತದೆ. ಬೇರಿನ ಒಳಗಿನ ಡೆಂಟಿನ್ ಎಂಬ ಪದರ ಮೃದುವಾದುದು. ಅದನ್ನು ಪೇಸ್ಟ್ ಹಚ್ಚಿ ಅಡ್ಡಡ್ಡ ಗರಗಸದಂತೆ ಎಳೆದಾಗ, ವರ್ಷಗಳು ಕಳೆದಂತೆ ಹಲ್ಲಿನ ಬುಡದಲ್ಲಿ ಕೊಡಲಿಯಿಂದ ಕಚ್ಚು ಹಾಕಿದಂತಹ ಗೀರು ಮೂಡುತ್ತದೆ. ಕನ್ನಡಿಯ ಮುಂದೆ ನಿಂತು ಕೋರೆಹಲ್ಲು ಮತ್ತು ಅದರ ಹಿಂದಿನ ಎರಡು ಹಲ್ಲುಗಳನ್ನು ನೋಡಿಕೊಳ್ಳಿ. ಬಾಯಿಯ ತಿರುವಿನಲ್ಲಿರುವುದರಿಂದ ಹೆಚ್ಚು ಪೆಟ್ಟು ತಿನ್ನುವುದು ಅವೇ. ಬಲಗೈಯಲ್ಲಿ ಉಜ್ಜುವವರಲ್ಲಿ ಹೆಚ್ಚಾಗಿ ಎಡಬದಿಯ ಹಲ್ಲುಗಳು ಮೊದಲು ಸವೆಯುತ್ತವೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕೈ ಸುಟ್ಟರೆ ಹೊಸ ಚರ್ಮ ಬರುತ್ತದೆ. ಹಿಂದೆ ಸರಿದ ವಸಡು ಮಾತ್ರ ತಾನಾಗಿ ಮರಳಿ ಬೆಳೆಯುವುದಿಲ್ಲ. ಬೇಕೆಂದರೆ ಅಂಗುಳಿನಿಂದ ಮಾಂಸ ತೆಗೆದು ಕಸಿ ಮಾಡುವ ಶಸ್ತ್ರಚಿಕಿತ್ಸೆಯೇ ಆಗಬೇಕು. ತಣ್ಣೀರು ಕುಡಿದಾಗ ಹಲ್ಲು ಝುಮ್ಮೆನ್ನುವುದು ಇದರ ಮೊದಲ ಸೂಚನೆಗಳಲ್ಲೊಂದು. ಆಗ ಹೆಚ್ಚಿನವರು ಜುಮ್ಮು ತಡೆಯುವ ಪೇಸ್ಟ್ ಕೊಂಡು ತರುತ್ತಾರೆ. ಅದು ನೋವನ್ನು ತಣಿಸುತ್ತದೆ ನಿಜ. ಆದರೆ ಕೈಯ ಒತ್ತಡ ಹಾಗೆಯೇ ಉಳಿದರೆ ಸವೆತವೂ ಮುಂದುವರಿಯುತ್ತದೆ, ಎಚ್ಚರಿಸಲು ನೋವೂ ಇರುವುದಿಲ್ಲ.

ಈಗ ವಿದ್ಯುತ್ ಬ್ರಶ್‌ಗಳ ವಿಷಯಕ್ಕೆ ಬರೋಣ. ಗಲ್ಫ್‌ನಿಂದ ರಜೆಯಲ್ಲಿ ಬರುವವರ ಪೆಟ್ಟಿಗೆಯಲ್ಲಿ ಸೆಂಟು, ಬಾದಾಮಿಯ ಜೊತೆ ಈಗ ಇದೂ ಬರುತ್ತಿದೆ. ಇದು ಹೊಸ ಆವಿಷ್ಕಾರವೇನಲ್ಲ. ಬ್ರಾಕ್ಸೊಡೆಂಟ್ ಎಂಬ ಮೊದಲ ಯಶಸ್ವೀ ವಿದ್ಯುತ್ ಬ್ರಶ್ಶನ್ನು ಸ್ವಿಟ್ಸರ್ಲೆಂಡಿನಲ್ಲಿ 1954ರಲ್ಲಿ ಫಿಲಿಪ್ ಗೀ ವೂಗ್ ಎಂಬವರು ರೂಪಿಸಿದರು. ಕೈಗಳನ್ನು ಸರಿಯಾಗಿ ಆಡಿಸಲಾಗದ ರೋಗಿಗಳಿಗೆ ಉಪಯೋಗವಾಗಲಿ ಎಂಬುದು ಆಗಿನ ಉದ್ದೇಶಗಳಲ್ಲೊಂದಾಗಿತ್ತು. ಒತ್ತಡ ತಿಳಿಸುವ ಸೆನ್ಸರ್ ಬಂದದ್ದು ಬಹಳ ತಡವಾಗಿ.

ಈ ಸೆನ್ಸರ್ ಮಾಡುವ ಕೆಲಸ ಬಹಳ ಸರಳ. ನೀವು ಬ್ರಶ್ಶನ್ನು ಹಲ್ಲಿಗೆ ಅದುಮಿದಾಗ ಅದರ ತಲೆಯನ್ನು ಹೊತ್ತ ಕಡ್ಡಿ ಕೂದಲೆಳೆಯಷ್ಟು ಹಿಂದಕ್ಕೆ ಬಾಗುತ್ತದೆ. ಕೆಲವು ಮಾದರಿಗಳಲ್ಲಿ ಈ ಅಲುಗಾಟವನ್ನು ಒಳಗಿರುವ ಪುಟ್ಟ ಅಯಸ್ಕಾಂತ ಮತ್ತು ಅದರ ಪಕ್ಕದ ಸೆನ್ಸರ್ ಗುರುತಿಸುತ್ತವೆ. ಇನ್ನು ಕೆಲವುಗಳಲ್ಲಿ ಮೋಟಾರಿನ ಮೇಲೆ ಬೀಳುವ ಭಾರದಿಂದಲೇ ಅದು ತಿಳಿಯುತ್ತದೆ, ಗಟ್ಟಿ ಕಾಯಿ ಸಿಕ್ಕಾಗ ಮಿಕ್ಸಿಯ ಸದ್ದು ಬದಲಾಗುತ್ತದಲ್ಲವೇ, ಹಾಗೆ. ಒತ್ತಡ ಮಿತಿ ಮೀರಿದೊಡನೆ ಕೆಂಪು ದೀಪ ಹತ್ತುತ್ತದೆ, ಅಥವಾ ಕೈಗೆ ಬೇರೆ ರೀತಿಯ ನಡುಕ ಕೊಡುತ್ತದೆ, ಅಥವಾ ಮೋಟಾರು ತಾನಾಗಿ ನಿಧಾನವಾಗುತ್ತದೆ. ಓರಲ್-ಬಿ ಕಂಪೆನಿ 2020ರಲ್ಲಿ ತಂದ ಮಾದರಿಯಲ್ಲಿ ಒತ್ತಡ ಸರಿಯಾಗಿದ್ದರೆ ಹಸಿರು ದೀಪವೂ ಕಾಣಿಸುತ್ತದೆ. ಸಾಮಾನ್ಯವಾಗಿ ಎರಡೂವರೆಯಿಂದ ಮೂರು ನ್ಯೂಟನ್, ಅಂದರೆ ಸುಮಾರು 250ರಿಂದ 300 ಗ್ರಾಂ ಭಾರದಷ್ಟು ಒತ್ತಿದಾಗ ಎಚ್ಚರಿಕೆ ಬರುತ್ತದೆ. ಉಜ್ಜಲು ಬೇಕಾದದ್ದು ಅದಕ್ಕಿಂತ ಬಹಳ ಕಡಿಮೆ, ಸುಮಾರು 150 ಗ್ರಾಂ ಸಾಕು. ಮೂರು ಕೋಳಿಮೊಟ್ಟೆಗಳ ತೂಕ.

ಇದನ್ನು ತಿಳಿಯಲು ಸಾವಿರಾರು ರೂಪಾಯಿಯ ಯಂತ್ರವೇ ಬೇಕೆಂದಿಲ್ಲ. ಕೇಕ್ ಮಾಡಲು ಮೈದಾ ತೂಗುವ ಡಿಜಿಟಲ್ ತೂಕದ ಯಂತ್ರ ಮನೆಯಲ್ಲಿದೆಯೇ? ಅದರ ಮೇಲೆ ಒಂದು ಸಣ್ಣ ತಟ್ಟೆ ಇಟ್ಟು ಸೊನ್ನೆಗೆ ತನ್ನಿ. ನಂತರ ನಿಮ್ಮ ಸಾದಾ ಬ್ರಶ್ಶನ್ನು ದಿನಾ ಹಿಡಿಯುವಂತೆಯೇ ಹಿಡಿದು, ಹಲ್ಲಿಗೆ ಒತ್ತುವಷ್ಟೇ ತಟ್ಟೆಯ ಮೇಲೆ ಒತ್ತಿ. ಅಂಕಿ ನೋಡಿದರೆ ಆಶ್ಚರ್ಯವಾಗಬಹುದು! ಮತ್ತೆ ಅಂಕಿ 150ರ ಆಸುಪಾಸಿಗೆ ಬರುವವರೆಗೆ ಕೈ ಸಡಿಲಿಸಿ. ಆ ಹಗುರವನ್ನು ಕೈಗೆ ಪರಿಚಯ ಮಾಡಿಸಿ. ಮಕ್ಕಳಿಗಂತೂ ಇದು ಒಳ್ಳೆಯ ಆಟ. ಇನ್ನೊಂದು ಉಪಾಯವೂ ಇದೆ. ಬ್ರಶ್ಶನ್ನು ಮುಷ್ಟಿಯಲ್ಲಿ ಹಿಡಿಯದೆ ಪೆನ್ನು ಹಿಡಿದಂತೆ ಬೆರಳ ತುದಿಯಲ್ಲಿ ಹಿಡಿಯಿರಿ. ಬೆರಳ ತುದಿಗೆ ಮುಷ್ಟಿಯಷ್ಟು ಬಲ ಬರುವುದೇ ಇಲ್ಲ.

ವಿದ್ಯುತ್ ಬ್ರಶ್ ಬಂದ ಮನೆಗಳಲ್ಲಿ ಕಾಣುವ ಒಂದು ವಿಪರ್ಯಾಸವೆಂದರೆ ಯಂತ್ರವೂ ತಿರುಗುತ್ತಿರುತ್ತದೆ, ಕೈಯೂ ಹಿಂದೆ ಮುಂದೆ ಓಡುತ್ತಿರುತ್ತದೆ. ಇದರಿಂದ ಸವೆತ ಹೆಚ್ಚಬಹುದು. ಆ ಬ್ರಶ್ಶನ್ನು ವಸಡಿನ ಅಂಚಿಗೆ ತುಸು ಓರೆಯಾಗಿ ತಾಗಿಸಿ ಒಂದೆರಡು ಸೆಕೆಂಡು ಹಿಡಿದು, ಮುಂದಿನ ಹಲ್ಲಿಗೆ ಸರಿಸುತ್ತಾ ಹೋಗಬೇಕು ಅಷ್ಟೆ. ತಿಕ್ಕುವ ಕೆಲಸ ಅದರದ್ದು. ಒಟ್ಟು ಎರಡು ನಿಮಿಷ. ಹೆಚ್ಚಿನವುಗಳಲ್ಲಿ ಮೂವತ್ತು ಸೆಕೆಂಡಿಗೊಮ್ಮೆ ಸೂಚನೆ ಬರುತ್ತದೆ. ಮೇಲೆ ಬಲ, ಮೇಲೆ ಎಡ, ಕೆಳಗೆ ಬಲ, ಕೆಳಗೆ ಎಡ ಎಂದು ಪಾಲು ಮಾಡಿಕೊಂಡರಾಯಿತು.

ಹಾಗಾದರೆ ಕೊಳ್ಳಬೇಕೇ ಬೇಡವೇ? 2014ರಲ್ಲಿ ಕೊಕ್ರೇನ್ ಸಂಸ್ಥೆ 56 ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿತು. ಮೂರು ತಿಂಗಳಿಗಿಂತ ಹೆಚ್ಚು ಕಾಲ ಬಳಸಿದಾಗ, ಕೈಬ್ರಶ್‌ಗೆ ಹೋಲಿಸಿದರೆ ವಿದ್ಯುತ್ ಬ್ರಶ್‌ನಿಂದ ಪ್ಲಾಕ್ ಶೇ. 21ರಷ್ಟೂ ವಸಡಿನ ಉರಿಯೂತ ಶೇ. 11ರಷ್ಟೂ ಕಡಿಮೆ ಕಂಡುಬಂತು. ಲಾಭವಿದೆ, ಪವಾಡವೇನಿಲ್ಲ. ನಮ್ಮ ಅಭಿಪ್ರಾಯದಲ್ಲಿ, ಬೆರಳ ಸಂದು ನೋವಿರುವ ವೃದ್ಧರು, ಪಾರ್ಶ್ವವಾಯುವಿನಿಂದ ಒಂದು ಕೈ ಸೋತವರು, ಕೈ ನಡುಗುವವರು, ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಮಕ್ಕಳು, ಇನ್ನು ಎಷ್ಟು ಹೇಳಿದರೂ ಕೈ ಹಗುರ ಮಾಡದವರು ಇರುವ ಮನೆಯಲ್ಲಿ ಈ ಖರ್ಚು ದಂಡವಲ್ಲ. ಉಳಿದವರಿಗೆ 'ಸಾಫ್ಟ್' ಎಂದು ಬರೆದಿರುವ ಅಗ್ಗದ ಬ್ರಶ್ಶೇ ಧಾರಾಳವಾಯಿತು. ಕೊಳ್ಳುವುದಾದರೆ ಸೆನ್ಸರ್ ಇದೆಯೇ ಎಂದು ಕೇಳಿಯೇ ಕೊಳ್ಳಿ. ಪೆನ್ಸಿಲ್ ಸೆಲ್ ಹಾಕುವ ಅಗ್ಗದವುಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಮತ್ತು ಸೆನ್ಸರ್ ಹೇಳುವುದು ಒತ್ತಡವನ್ನು ಮಾತ್ರ, ಬಿಟ್ಟುಹೋದ ದವಡೆ ಹಲ್ಲನ್ನು ಎಲ್ಲ ಯಂತ್ರಗಳೂ ನೆನಪಿಸಲಾರವು.

ಮಿಸ್ವಾಕ್ ಬಳಸುವವರು ಏನು ಮಾಡಬೇಕು ಎಂಬ ಪ್ರಶ್ನೆ ನಿಮ್ಮಲ್ಲಿ ಬಂದೇ ಇರುತ್ತದೆ. ಸುನ್ನತ್ತಾದ ಈ ಕಡ್ಡಿ ಹೆಚ್ಚಾಗಿ ಅರಾಕ್ ಅಥವಾ ಪೀಲು ಮರದ್ದು. ಅದರ ಪ್ರಯೋಜನವನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಗುರುತಿಸಿದೆ. ಆದರೆ ಒಣಗಿದ ಕಡ್ಡಿಯನ್ನು ಹಾಗೆಯೇ ಬಾಯಿಗಿಟ್ಟು ಅಡ್ಡಡ್ಡ ಎಳೆದರೆ ಅದೂ ವಸಡನ್ನು ಕೆರೆಯುತ್ತದೆ. ತುದಿಯನ್ನು ನೀರಿನಲ್ಲಿ ನೆನೆಸಿ, ಜಗಿದು ಎಳೆಗಳನ್ನು ಮೆತ್ತಗೆ ಬಿಡಿಸಿಕೊಳ್ಳಿ. ವಸಡಿನಿಂದ ಹಲ್ಲಿನ ತುದಿಯ ಕಡೆಗೆ ಮೆಲ್ಲಗೆ ಸವರಿ. ತುದಿ ಹಳತಾದಾಗ ಕತ್ತರಿಸಿ ಹೊಸದು ಮಾಡಿಕೊಳ್ಳಿ. ದಿನಕ್ಕೆ ಐದು ಬಾರಿ ವುಝೂವಿನೊಂದಿಗೆ ಬಳಸುವವರ ಕೈ ಇನ್ನಷ್ಟು ಹಗುರವಾಗಿರಬೇಕು. ಇದ್ದಿಲು, ಉಪ್ಪು, ಇಟ್ಟಿಗೆಯ ಪುಡಿಯಿಂದ ಬೆರಳಲ್ಲಿ ತಿಕ್ಕುವ ಹಳೆಯ ರೂಢಿಯನ್ನಂತೂ ಬಿಡುವುದೇ ಲೇಸು. ಹೊಗೆಸೊಪ್ಪು ಬೆರೆಸಿದ ಹಲ್ಲುಪುಡಿಯನ್ನು ಭಾರತ ಸರಕಾರ 1992ರಲ್ಲೇ ನಿಷೇಧಿಸಿದೆ. ಅಂದ ಹಾಗೆ, ಬ್ರಶ್‌ನ ಎಳೆ ಹಂದಿಯ ಕೂದಲಿನದ್ದೇ ಎಂಬ ಸಂಶಯ ಕೆಲವು ಹಿರಿಯರಲ್ಲಿ ಇನ್ನೂ ಇದೆ. ಒಂದು ಕಾಲದಲ್ಲಿ ಅದು ನಿಜವಾಗಿತ್ತು. 1938ರಲ್ಲಿ ನೈಲಾನ್ ಎಳೆಯ ಬ್ರಶ್ ಬಂದ ಮೇಲೆ ಸ್ಥಿತಿ ಬದಲಾಯಿತು. ಈಗ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬ್ರಶ್‌ಗಳ ಎಳೆ ನೈಲಾನಿನಂತಹ ಕೃತಕ ವಸ್ತುವಿನದ್ದೇ. 'ನ್ಯಾಚುರಲ್ ಬ್ರಿಸಲ್' ಎಂದು ದುಬಾರಿ ಬೆಲೆಗೆ ಮಾರುವುದನ್ನು ಮಾತ್ರ ಲೇಬಲ್ ಓದಿಯೇ ತೆಗೆದುಕೊಳ್ಳಿ.

ಕೈ ಹಗುರ ಮಾಡಿ ಎಂದ ಕೂಡಲೇ ಕೆಲವರು ಹಲ್ಲುಜ್ಜುವುದನ್ನೇ ಕಡಿಮೆ ಮಾಡುವುದುಂಟು. ವಿಶೇಷವಾಗಿ ಗರ್ಭಿಣಿಯರು. ಗರ್ಭಾವಸ್ಥೆಯಲ್ಲಿ ಹಾರ್ಮೋನುಗಳ ಏರುಪೇರಿನಿಂದ ವಸಡು ಸ್ವಲ್ಪ ಪ್ಲಾಕ್‌ಗೂ ಊದಿಕೊಂಡು ರಕ್ತ ಒಸರುತ್ತದೆ. ರಕ್ತ ಕಂಡು ಹೆದರಿ ಆ ಜಾಗವನ್ನು ಮುಟ್ಟದೆ ಬಿಟ್ಟರೆ ಪ್ಲಾಕ್ ಇನ್ನಷ್ಟು ಕೂರುತ್ತದೆ, ರಕ್ತ ಇನ್ನೂ ಹೆಚ್ಚಾಗುತ್ತದೆ. ಮನೆಯ ಹಿರಿಯರು "ಬ್ರಶ್ ಬೇಡ ಮಗಳೇ, ಬರೀ ಬಾಯಿ ಮುಕ್ಕಳಿಸು" ಎನ್ನುವುದು ಪ್ರೀತಿಯಿಂದಲೇ. ಆದರೆ ಮೃದುವಾದ ಬ್ರಶ್‌ನಿಂದ, ಹಗುರ ಕೈಯಲ್ಲಿ, ದಿನಕ್ಕೆ ಎರಡು ಬಾರಿ ಅದೇ ಜಾಗವನ್ನು ಸ್ವಚ್ಛ ಮಾಡಿದರೇನೇ ರಕ್ತ ನಿಲ್ಲುವುದು. ಒಂದೆರಡು ವಾರದಲ್ಲಿ ನಿಲ್ಲದಿದ್ದರೆ ದಂತವೈದ್ಯರನ್ನು ಕಾಣಿ. ಗರ್ಭಿಣಿಯರೂ ಹಲ್ಲು ಕ್ಲೀನ್ ಮಾಡಿಸಿಕೊಳ್ಳಬಹುದು. ತಿಂಗಳೆಷ್ಟಾಯಿತೆಂದು ವೈದ್ಯರಿಗೆ ಮೊದಲೇ ತಿಳಿಸಿ. ಬೆಳಗ್ಗಿನ ವಾಂತಿಯ ನಂತರ ತಕ್ಷಣ ಬ್ರಶ್ ಹಿಡಿಯಬೇಡಿ. ಹೊಟ್ಟೆಯ ಆಮ್ಲ ಎನಾಮೆಲನ್ನು ಮೆದುಗೊಳಿಸಿರುತ್ತದೆ. ನೀರಿನಿಂದ ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಬಿಟ್ಟು ಉಜ್ಜಿ. ನಿಂಬೆ ಶರಬತ್ತು ಕುಡಿದ ಮೇಲೂ ಇದೇ ಲೆಕ್ಕ. ಸಕ್ಕರೆ ಕಾಯಿಲೆ ಇರುವವರ ವಸಡಿನಲ್ಲಿ ರಕ್ತ ಬರುತ್ತಿದ್ದರೆ, ಅಥವಾ ಹಲ್ಲು ಅಲುಗಾಡುತ್ತಿದ್ದರೆ, ಅದು ಬ್ರಶ್‌ನ ತಪ್ಪೆಂದು ಸುಮ್ಮನಿರಬಾರದು. ವಸಡಿನ ರೋಗದಿಂದಲೂ ವಸಡು ಸರಿಯುತ್ತದೆ.

ಕೊನೆಗೆ, ಉಡುಗೊರೆಯಾಗಿ ವಿದ್ಯುತ್ ಬ್ರಶ್ ಬಂದವರಿಗೆ ಎರಡು ಮಾತು. ಚಾರ್ಜರ್ ಮೇಲೆ ಬರೆದ ವೋಲ್ಟೇಜನ್ನು ಪ್ಲಗ್ ಚುಚ್ಚುವ ಮೊದಲೇ ಓದಿ. ಗಲ್ಫ್‌ನಿಂದ ತಂದದ್ದಾದರೆ ಹೆಚ್ಚಾಗಿ ಪಿನ್ನಿನ ಆಕಾರದ ತೊಂದರೆ ಮಾತ್ರ. ಅಮೆರಿಕದಿಂದ ತಂದದ್ದರಲ್ಲಿ 240ರವರೆಗೆ ಎಂದು ಬರೆದಿರದಿದ್ದರೆ ನಮ್ಮ ವಿದ್ಯುತ್ತಿಗೆ ಅದು ಸುಟ್ಟುಹೋದೀತು. ಮತ್ತೆ, ಮನೆಯಲ್ಲಿ ನಾಲ್ಕು ಜನರಿದ್ದರೆ ನಾಲ್ಕು ಯಂತ್ರ ಬೇಕಾಗಿಲ್ಲ. ಹಿಡಿ ಒಂದೇ ಸಾಕು, ತಲೆಯನ್ನು ಮಾತ್ರ ಪ್ರತಿಯೊಬ್ಬರೂ ಬೇರೆ ಬೇರೆ ಇಟ್ಟುಕೊಳ್ಳಬೇಕು. ಗುರುತಿಗಾಗಿ ಕೆಲವು ಕಂಪೆನಿಗಳ ತಲೆಗಳ ಬುಡದಲ್ಲಿ ಬಣ್ಣದ ಉಂಗುರವಿರುತ್ತದೆ, ಇಲ್ಲದಿದ್ದರೆ ಬಣ್ಣದ ನೂಲು ಸುತ್ತಿಕೊಳ್ಳಿ. ಆ ತಲೆಗಳನ್ನೂ ಮೂರು ತಿಂಗಳಿಗೊಮ್ಮೆ ಬದಲಿಸಬೇಕಾಗುತ್ತದೆ, ಮತ್ತು ಅವು ಸಾದಾ ಬ್ರಶ್‌ಗಿಂತ ಎಷ್ಟೋ ಪಟ್ಟು ದುಬಾರಿ. ಕೊಳ್ಳುವ ಮುಂಚೆ ಆ ಖರ್ಚನ್ನೂ ಲೆಕ್ಕ ಹಾಕಿ.