ಒಂದು ತೊಟ್ಟು ರಕ್ತದ ಸಾಕ್ಷ್ಯ

ಮಕ್ಕಳ ವಾರ್ಡಿನಲ್ಲಿ ‘ಜಿಆರ್‌ಬಿಎಸ್ ನೋಡಿ’, ಎಂದರೆ ರಕ್ತದ ಸಕ್ಕರೆಯನ್ನು ಅಳೆಯಿರಿ, ಎಂಬ ಮಾತು ಬಿದ್ದೊಡನೆ ದಾದಿಯು ಕೂಸಿನ ಹಿಮ್ಮಡಿಯನ್ನು ಚುಚ್ಚಿ, ಒಂದು ತೊಟ್ಟು ರಕ್ತವನ್ನು ಸ್ಟ್ರಿಪ್ಪಿಗೆ ಮುಟ್ಟಿಸಿ, ಯಂತ್ರದ ಮೇಲೆ ಮೂಡಿದ ಅಂಕಿಯನ್ನು ಕೇಸ್‌ಶೀಟಿನಲ್ಲಿ ಬರೆದಿಡುವಳು. ಬರೆದ ಮೇಲೆ ಅದು ಶಿಲಾಶಾಸನವೇ ಸರಿ. ಆ ಅಂಕಿಗೆ ಅಷ್ಟು ಪ್ರಾಮಾಣ್ಯ ಎಲ್ಲಿಂದ ಬಂದಿತೆಂದು ಕೇಳುವವರು ವಿರಳ.

ಮನೆಬಳಕೆಯ ಗ್ಲುಕೋಮೀಟರುಗಳಿಗೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 2013ರಲ್ಲಿ ವಿಧಿಸಿದ ನಿಯಮದಂತೆ, ಸಕ್ಕರೆಯು ಡೆಸಿಲೀಟರಿಗೆ 100 ಮಿಲಿಗ್ರಾಮಿಗಿಂತ ಕಡಿಮೆಯಿದ್ದಾಗ ನೂರಕ್ಕೆ 95 ಅಳತೆಗಳು ನಿಜದಿಂದ 15 ಮಿಲಿಗ್ರಾಮಿನೊಳಗಿದ್ದರೆ ಸಾಕು. ಸಕ್ಕರೆ ಕಾಯಿಲೆಯ ಹಿರಿಯರಿಗೆ 180 ಆದರೇನು, 195 ಆದರೇನು! ಆದರೆ 45ರ ಕೆಳಗಿಳಿದರೆ ಚಿಕಿತ್ಸೆಯನ್ನು ಚಿಂತಿಸಬೇಕಾದ ನವಜಾತ ಶಿಶುವಿನಲ್ಲಿ, ನಿಜವಾಗಿ 35 ಇರುವುದನ್ನು 50 ಎಂದು ತೋರಿಸಿದ ಯಂತ್ರವೂ ನಿಯಮವನ್ನು ಮೀರಿದಂತಾಗುವುದಿಲ್ಲ. ಮೆದುಳಿಗೆ ಆಹಾರವಿಲ್ಲದ ಕೂಸು ಕ್ಷೇಮವೆಂಬ ಪ್ರಮಾಣಪತ್ರ ಪಡೆದು ಮಲಗಿರುತ್ತದೆ. ಆಸ್ಪತ್ರೆಯ ರೋಗಿಯು ಮನೆಯ ರೋಗಿಯಂತಲ್ಲವೆಂದೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2016ರಲ್ಲಿ ಎರಡಕ್ಕೂ ಪ್ರತ್ಯೇಕ ಸೂತ್ರಗಳನ್ನು ಬರೆಯಿತು.

ನಮ್ಮ ಸೀಮೆಯಲ್ಲಿ ಈ ಪ್ರಶ್ನೆಗೆ ಇನ್ನೂ ತೀಕ್ಷ್ಣವಾದ ಮುಖವಿದೆ. ರಕ್ತ ತೆಳುವಾದಷ್ಟೂ ಬಹುತೇಕ ಸ್ಟ್ರಿಪ್ಪುಗಳು ಸಕ್ಕರೆಯನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತವೆ, ಗಟ್ಟಿಯಾದಷ್ಟೂ ಕಡಿಮೆಯಾಗಿ. ಕೆಲವು ಸ್ಟ್ರಿಪ್ಪುಗಳ ಡಬ್ಬಿಯೊಳಗಿನ ಕಾಗದದಲ್ಲಿ, ರಕ್ತಕಣಗಳ ಪ್ರಮಾಣ ನೂರಕ್ಕೆ 30ರಿಂದ 55ರವರೆಗೆ ಇದ್ದರೆ ಮಾತ್ರ ನಂಬಿರೆಂದು ಸಣ್ಣಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಬಿಳಿಗಿರಿರಂಗನ ಬೆಟ್ಟದ ಪೋಡುಗಳ ಸೋಲಿಗರಲ್ಲಿ ಕುಡುಗೋಲುಕಣ ರಕ್ತಹೀನತೆ ಇರುವುದು ಹೊಸ ಸಂಗತಿಯೇನಲ್ಲ. 2023ರ ಜುಲೈ 1ರಂದು ಅದರ ನಿರ್ಮೂಲನಕ್ಕೆಂದು ರಾಷ್ಟ್ರೀಯ ಅಭಿಯಾನವೇ ಆರಂಭವಾಯಿತು. ಆ ಕಾಗದದ ಮಿತಿಯಿಂದ ಕೆಳಗಿಳಿದ ರಕ್ತದ ಮಗುವು ಜ್ವರದಿಂದ ಬಳಲಿ, ಉಣ್ಣದೆ, ಆಸ್ಪತ್ರೆಗೆ ಬಂದಾಗ, ಯಾರಿಗೆ ಯಂತ್ರವು ಸತ್ಯವನ್ನು ನುಡಿಯಲೇಬೇಕೋ ಅವರಿಗೇ ಅದು ಮುಖಸ್ತುತಿ ಮಾಡುತ್ತದೆ. ನವಜಾತರ ಗಟ್ಟಿ ರಕ್ತದಲ್ಲಿ ತಪ್ಪು ತಿರುಗಿಬಿದ್ದು, ಆರೋಗ್ಯವಂತ ಕೂಸಿನ ಹಿಮ್ಮಡಿಗೆ ಮತ್ತೆ ಮತ್ತೆ ಸೂಜಿ ತಗಲುವುದೂ ಉಂಟು. (ನಮ್ಮ ಗುಂಡ್ಲುಪೇಟೆ ಬಾಳೆಯ ಊರು. ಬೆರಳಿಗಂಟಿದ ಹಣ್ಣಿನ ಸಿಹಿಯೂ ಅಂಕಿಯನ್ನು ಏರಿಸುವುದರಿಂದ, ಹಣ್ಣು ತಿಂದ ಮಗುವಿನ ಬೆರಳನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಸಾಲದು, ನೀರಿನಲ್ಲಿ ತೊಳೆಯಬೇಕು. ಇದಕ್ಕೆ ಯಾವ ಅನುದಾನವೂ ಬೇಡ.)

ರಾತ್ರಿ ಪ್ರಯೋಗಾಲಯವಿಲ್ಲದಲ್ಲಿ, ಮೈಸೂರು ಅರುವತ್ತು ಕಿಲೋಮೀಟರು ದೂರವಿರುವಲ್ಲಿ, ಈ ಪುಟ್ಟ ಯಂತ್ರವನ್ನೂ ಹಳಿದರೆ ಉಳಿಯುವುದೇನು ಎಂದು ವೈದ್ಯರು ಕೇಳುವುದು ನ್ಯಾಯವೇ. ಯಂತ್ರವನ್ನು ಎಸೆಯಿರೆಂದು ನಾನು ಹೇಳುತ್ತಿಲ್ಲ. ಅಂಕಿ ಕಡಿಮೆ ಬಂದು ಕೂಸಿಗೆ ಸೆಳೆತವೋ ಮಂಪರೋ ಇದ್ದರೆ, ಸಿರೆಯಿಂದ ರಕ್ತ ತೆಗೆದಿಟ್ಟು, ವರದಿಗೆ ಕಾಯದೆ, ನವಜಾತನಿಗೆ ಕಿಲೋಗ್ರಾಮಿಗೆ 2 ಮಿಲಿಲೀಟರಿನಂತೆ ಶೇಕಡ 10ರ ಡೆಕ್ಸ್‌ಟ್ರೋಸನ್ನು ಆ ಕ್ಷಣವೇ ಕೊಡತಕ್ಕದ್ದು. ಅಂಕಿ ಸರಿಯಿದ್ದೂ ಮಗು ಸೋತು ಬಿದ್ದಿದ್ದರೆ ಅಂಕಿಯನ್ನಲ್ಲ, ಮಗುವನ್ನು ನಂಬತಕ್ಕದ್ದು. ಪ್ರಯೋಗಾಲಯವೂ ನಿರ್ದೋಷಿಯಲ್ಲ: ಬೂದು ಮುಚ್ಚಳದ ಫ್ಲೋರೈಡ್ ನಳಿಕೆಯಿಲ್ಲದೆ ಸುಮ್ಮನಿಟ್ಟ ರಕ್ತದಲ್ಲಿ ಕಣಗಳೇ ಗಂಟೆಗೆ ನೂರಕ್ಕೆ ಐದಾರು ಪಾಲು ಸಕ್ಕರೆಯನ್ನು ತಿಂದುಬಿಡುತ್ತವೆ, ಬೇಸಗೆಯಲ್ಲಿ ಇನ್ನೂ ಬೇಗ.

ನನ್ನ ತಕರಾರು ಖರೀದಿಯ ಮೇಜಿನೊಡನೆ. ಔಷಧದಂಗಡಿಯಲ್ಲಿ ಸಿಗುವ ಮನೆಬಳಕೆಯ ಯಂತ್ರವನ್ನೇ, ದರ ಕಡಿಮೆಯೆಂಬ ಒಂದೇ ಕಾರಣದಿಂದ, ಶಿಶುವಾರ್ಡಿಗೂ ತರುವುದು ಮಿತವ್ಯಯವಲ್ಲ. ರಕ್ತಕಣಗಳ ಏರಿಳಿತವನ್ನು ತಾನೇ ಅಳೆದು ತಿದ್ದಿಕೊಳ್ಳುವ, ನವಜಾತರಲ್ಲಿ ಪರೀಕ್ಷಿತವಾದ ಯಂತ್ರಗಳು ಮಾರುಕಟ್ಟೆಯಲ್ಲಿವೆ. ಟೆಂಡರಿನ ಷರತ್ತಿಗೆ ಅದೊಂದು ಸಾಲು ಸೇರಲಿ. ಅದು ಸೇರುವವರೆಗೆ, ಕೇಸ್‌ಶೀಟಿನಲ್ಲಿ ಜಿಆರ್‌ಬಿಎಸ್ ಅಂಕಿಯ ಪಕ್ಕದಲ್ಲಿ ಪಿಸಿವಿಗೂ, ಎಂದರೆ ರಕ್ತಕಣಗಳ ಪ್ರಮಾಣಕ್ಕೂ, ಒಂದು ಕಾಲಮು ಎಳೆಯಿರಿ.