ರೋಗಾಣುವನ್ನಷ್ಟೇ ಅಲ್ಲ, ರೋಗಿಯ ಮೈಯನ್ನೂ ನೋಡಿ

ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಗೆ ಇನ್ನೂ ಬಲವಾದ ಆ್ಯಂಟಿಬಯಾಟಿಕ್ ಒಂದೇ ದಾರಿ ಎಂಬ ಲೇಖನವೊಂದರ ವಾದವನ್ನು ನಾನು ಒಪ್ಪಲಾರೆ. ಲೇಖಕರು ರೋಗಿಯನ್ನೇ ಮರೆತಿದ್ದಾರೆ.

ಸೆಪ್ಸಿಸ್ ಎಂಬ ಸ್ಥಿತಿಯನ್ನೇ ನೋಡಿ: ಅದರಲ್ಲಿ ದೇಹ ಸೋಂಕಿಗೆ ಹದ ತಪ್ಪಿ ಪ್ರತಿಕ್ರಿಯಿಸಿ ತನ್ನ ಅಂಗಾಂಗಗಳನ್ನೇ ಘಾಸಿ ಮಾಡಿಕೊಳ್ಳುತ್ತದೆ. ಆ ಮೊದಲ ಉರಿಯೂತ ದಾಟಿ ಉಳಿದ ಅನೇಕರಲ್ಲೂ ಲಿಂಫೋಸೈಟುಗಳೆಂಬ ಬಿಳಿ ರಕ್ತಕಣಗಳು ರಾಶಿ ರಾಶಿಯಾಗಿ ಸತ್ತಿರುತ್ತವೆ, ಉಳಿದ ಟಿ ಕೋಶಗಳು ಬಸವಳಿದಿರುತ್ತವೆ, ಮಾನೋಸೈಟುಗಳು ರೋಗಾಣುವಿನ ಗುರುತನ್ನು ಇತರ ಕೋಶಗಳಿಗೆ ತೋರಿಸುವ ಶಕ್ತಿ ಕಳೆದುಕೊಂಡಿರುತ್ತವೆ. ಇಂಥ ಮೈಗೆ ವೆಂಟಿಲೇಟರ್ ಕೊಳವೆ, ಮೂತ್ರದ ಕೊಳವೆಗಳ ಮೂಲಕ ಕ್ಲೆಬ್ಸಿಯೆಲ್ಲಾ, ಅಸಿನೆಟೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾಗಳು ಹೊಕ್ಕರೆ ತಡೆಯುವವರು ಯಾರು? ಎಂಥ ಆ್ಯಂಟಿಬಯಾಟಿಕ್‌ಗೂ ಬಿಳಿ ರಕ್ತಕಣಗಳ ನೆರವು ಬೇಕು. 2017ರಲ್ಲಿ ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಸಾವುಗಳು ಸೆಪ್ಸಿಸ್‌ಗೆ ಸಂಬಂಧಿಸಿದ್ದವೆಂದು ಅಂದಾಜು.

ಆಸ್ಪತ್ರೆಯ ದೂರವೂ ಲೆಕ್ಕಕ್ಕೆ ಬರುತ್ತದೆ; ಹನೂರು ತಾಲ್ಲೂಕಿನಿಂದ ನೋಡಿ. ಮಲೆ ಮಹದೇಶ್ವರ ಬೆಟ್ಟದ ಸುತ್ತಲ ಕಾಡೂರುಗಳಿಂದ ರೋಗಿಗಳನ್ನು ಡೋಲಿಯಲ್ಲಿ ಹೊತ್ತು ತಂದದ್ದುಂಟು. ಕೊಳ್ಳೇಗಾಲ ದಾಟಿ ಚಾಮರಾಜನಗರವನ್ನೋ ಮೈಸೂರನ್ನೋ ಮುಟ್ಟುವಷ್ಟರಲ್ಲಿ ಗಂಟೆಗಳೇ ಕಳೆದಿರುತ್ತವೆ. ಸೆಪ್ಸಿಸ್‌ನಲ್ಲಿ ಒಂದೊಂದು ಗಂಟೆಯೂ ಜೀವದ ಲೆಕ್ಕ. ಹೊಸ ಔಷಧಿ ಬರಲಿ, ಬೇಕು. ಅದಕ್ಕೆ ಮೊದಲು ಆಸ್ಪತ್ರೆಯ ಈ ದಾರಿ ಹತ್ತಿರವಾಗಬೇಕು.

ಜ್ವರದ ಜೊತೆ ಏದುಸಿರು, ಮಂಕು, ಮೂತ್ರ ಕಡಿಮೆಯಾಗುವುದು ಕಂಡರೆ ಅಂಗಡಿಯ ಮಾತ್ರೆ ನುಂಗಿ ಕಾಯಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ.