ಸೋತ ಮೇಲೆ ಕೋಚ್ ಬದಲಿಸಿದರೆ ಸಾಕಾ?

ಕಾಲೇಜು ತಂಡ ಸೋತರೆ ‘ಮೊದಲು ಕೋಚ್ ಬದಲಿಸಿ’ ಅನ್ನುವವರು ನಮ್ಮಲ್ಲೂ ಇದ್ದಾರೆ. ಅವರು ಬೆಂಗಳೂರು ಎಫ್‌ಸಿ ಕಥೆ ನೋಡಲಿ.

2023ರ ಮಾರ್ಚ್‌ನಲ್ಲಿ ಆ ತಂಡ ಐಎಸ್‌ಎಲ್ ಫೈನಲ್ ಆಡಿ ಪೆನಾಲ್ಟಿಯಲ್ಲಿ ಸೋತಿತು. ಅದೇ ಡಿಸೆಂಬರ್‌ನಲ್ಲಿ ಕಂಠೀರವದಲ್ಲಿ ಮುಂಬೈ ಎದುರು 4-0 ಸೋಲು. ಮರುದಿನವೇ ಕೋಚ್ ಸೈಮನ್ ಗ್ರೇಸನ್ ಮನೆಗೆ! ಹೊಸದಾಗಿ ಬಂದ ಸ್ಪೇನಿನ ಜೆರಾರ್ಡ್ ಜರಗೋಜಾ ಕೂಡ ಮಂತ್ರ ಹಾಕಲಿಲ್ಲ; 12 ತಂಡಗಳಲ್ಲಿ 10ನೇ ಸ್ಥಾನವೇ ಸಿಕ್ಕಿದ್ದು. ಆದರೂ ಅವರನ್ನು ಉಳಿಸಿಕೊಂಡರು. 2025ರ ಏಪ್ರಿಲ್‌ಗೆ ತಂಡ ಮತ್ತೆ ಫೈನಲ್‌ನಲ್ಲಿತ್ತು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಸರ್ಕಾರಿ ಕಾಲೇಜುಗಳಲ್ಲಿ ಫುಟ್‌ಬಾಲಿಗೇ ಅಂತ ಬೇರೆ ಕೋಚ್ ಎಲ್ಲಿದ್ದಾರೆ? ಕಬಡ್ಡಿ, ಖೋಖೋ, ವಾಲಿಬಾಲ್, ಎಲ್ಲಕ್ಕೂ ದೈಹಿಕ ಶಿಕ್ಷಣದ ಮೇಷ್ಟ್ರು ಒಬ್ಬರೇ. ಅಂತರ ಕಾಲೇಜು ಟೂರ್ನಿ ನಾಕೌಟ್. ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಒಂದು ಮ್ಯಾಚ್ ಸೋತರೆ ವರ್ಷದ ಸೀಸನ್ನೇ ಮುಗಿಯಿತು. ಅಷ್ಟಕ್ಕೇ ಮೇಷ್ಟ್ರನ್ನು ಅಳೆಯೋದು ಯಾವ ನ್ಯಾಯ? ಅವರಿಗೆ ವರ್ಗವಾದರಂತೂ ಹೊಸಬರು ಬರುವ ತನಕ ಚೆಂಡು ಬೀರುವಿನಲ್ಲೇ.

ಬಂದವರಿಗೆ ಎರಡು ವರ್ಷವಾದರೂ ಕೊಡಿ. ಅವರಿಲ್ಲದಾಗಲೂ ಪ್ರಾಕ್ಟೀಸ್ ನಿಲ್ಲಬಾರದು. ಹಿಂದೆ ಆಡಿದ ಹುಡುಗರು ಊರಲ್ಲೇ ಇದ್ದಾರೆ, ರೇಷ್ಮೆ ಗೂಡು ಬಿಡಿಸಿಕೊಂಡು. ‘ಸಂಜೆ ಐದಕ್ಕೆ ಮೈದಾನಕ್ಕೆ ಬಾರಪ್ಪ’ ಅಂತ ಅವರನ್ನು ಕರೆಯೋಕೆ ಪ್ರಿನ್ಸಿಪಾಲರಿಗೆ ಯಾವ ಆದೇಶ ಬೇಕು?